ನಮ್ಮ ತಲೆಬಾಗಿಲಿಗೆ ಹಸಿರು ಬಣ್ಣ

ಸಂಕ್ರಾಂತಿಯ ಮಾರನೇ ದಿನ ತೋರಣ ಬಿಚ್ಚುತ್ತಿದ್ದೆ. ಮಾವಿನೆಲೆ ಜಾರದಿರಲಿ ಅಂತ ಎರಡು ಕಡೆ ಟೇಪ್ ಅಂಟಿಸಿದ್ದೆ. ಟೇಪ್ ಎಳೆದರೆ ಬಾಗಿಲಿನ ಬಣ್ಣವೂ ಜೊತೆಗೆ ಬಂತು. ಅಂಗೈ ಅಗಲದ ಚಕ್ಕೆ, ಹಾಲಿನ ಕೆನೆ ಎದ್ದ ಹಾಗೆ. ಅದರ ಕೆಳಗೆ ಹಳೆಯ ಕಂದು ಬಣ್ಣ ನುಣ್ಣಗೆ ಹೊಳೆಯುತ್ತಾ ಹಾಗೇ ಇತ್ತು. ಹೊಸ ಬಣ್ಣ ಹಚ್ಚಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ.

ನಮ್ಮ ಮನೆ ಮೈಸೂರಿನ ಚಾಮುಂಡಿಪುರಂನಲ್ಲಿದೆ. ನನ್ನ ಗಂಡನ ತಾತ 1958ರಲ್ಲಿ ಕಟ್ಟಿಸಿದ್ದು. ಮಂಗಳೂರು ಹೆಂಚು, ಮುಂದೆ ಕೆಂಪು ಜಗುಲಿ, ಎರಡು ಕಂಬ, ಪೂರ್ವಕ್ಕೆ ಮುಖ ಮಾಡಿದ ಜೋಡಿ ಕದದ ತಲೆಬಾಗಿಲು. ಎರಡೂ ಪಕ್ಕದಲ್ಲಿ ಈಗ ಮೂರು ಅಂತಸ್ತಿನ ಮನೆಗಳು ಬಂದಿವೆ. ಅವುಗಳ ಮಧ್ಯೆ ನಮ್ಮದು ಕುಕ್ಕುರುಗಾಲಲ್ಲಿ ಕೂತ ಹಾಗೆ ಕಾಣುತ್ತದೆ. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಆ ಬಾಗಿಲೇ. ಅದು ಸಪ್ಪಗಿದ್ದರೆ ಇಡೀ ಮನೆ ಸಪ್ಪಗೆ ಕಾಣುತ್ತದೆ. ಗೋಡೆಗೆಲ್ಲಾ ಬಣ್ಣ ಹೊಡೆಸುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಬಾಗಿಲೊಂದನ್ನಾದರೂ ಚೆನ್ನಾಗಿ ಮಾಡಿಸೋಣ ಅಂತ ದಸರೆಗೆ ಮುಂಚೆ ಒಬ್ಬ ಪೇಂಟರನ್ನು ಕರೆಸಿದ್ದೆವು.

ಅವರು ಬಂದಿದ್ದು ಒಂದೇ ದಿನ. ಹೊರಗೆ ತುಂತುರು ಹನಿಯುತ್ತಿತ್ತು. "ಹಳೇ ಬಣ್ಣ ಗಟ್ಟಿಯಾಗಿದೆ ಮೇಡಂ, ಉಜ್ಜೋದೇನೂ ಬೇಡ" ಅಂದರು. ಬಟ್ಟೆಯಲ್ಲಿ ಧೂಳು ಒರೆಸಿ ಮೇಲೇ ಹಚ್ಚಿದರು. ನಾನು ಒಳಗೆ ಗೊಂಬೆ ಇಡುವ ಗಡಿಬಿಡಿಯಲ್ಲಿದ್ದೆ, ಸರಿ ಅಂದುಬಿಟ್ಟೆ. ಮೈಸೂರಿಗೆ ಮೇ ತಿಂಗಳು ಬಿಟ್ಟರೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಜಾಸ್ತಿ. ಮರ ತೇವ ಕುಡಿದು ಉಬ್ಬಿರುತ್ತದೆ. ಎಣ್ಣೆ ಬಣ್ಣ ಒಣಗುವುದಿಲ್ಲ. ಮೇಲಿಂದ ಹಳೆಯ ಎನಾಮಲ್, ಅಂದರೆ ಹೊಳಪಿನ ಎಣ್ಣೆ ಬಣ್ಣ, ಗಾಜಿನಂತೆ ನುಣ್ಣಗಿದ್ದರೆ ಹೊಸ ಬಣ್ಣಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇದೆಲ್ಲಾ ನನಗೆ ಆಮೇಲೆ ಗೊತ್ತಾಯಿತು.

ಹೇಳಿದ್ದು ನಮ್ಮ ಬೀದಿಯ ಬಡಗಿ ತಾತ. ಕಣ್ಣು ಮಂಜಾಗಿ ಕೆಲಸ ಕಮ್ಮಿ ಮಾಡಿದ್ದಾರೆ. ಆದರೂ ಬಾಗಿಲ ಮೇಲೆ ಕೈಯಾಡಿಸಿ ಎಲ್ಲಾ ಹೇಳಿಬಿಡುತ್ತಾರೆ. "ಬಣ್ಣ ಹಚ್ಚೋದು ಒಂದು ದಿನದ ಕೆಲಸ ಕಣಮ್ಮ. ಬಾಗಿಲನ್ನ ಬಣ್ಣಕ್ಕೆ ರೆಡಿ ಮಾಡೋದು ಹದಿನೈದು ದಿನದ ಕೆಲಸ" ಅಂದರು. ನಾವಿಬ್ಬರೇ ಮಾಡುವುದು ಅಂತ ಅವತ್ತೇ ತೀರ್ಮಾನಿಸಿದೆವು. ಸಂಕ್ರಾಂತಿ ಕಳೆದ ಮೇಲೆ ಮಳೆಯಿಲ್ಲ, ಬಿಸಿಲು ಇನ್ನೂ ಹದವಾಗಿರುತ್ತದೆ. ಆರು ಭಾನುವಾರ ಹಿಡಿಯಿತು.

ಮೊದಲ ಭಾನುವಾರ ಹೆಚ್ಚೇನೂ ಆಗಲಿಲ್ಲ. ಮಗನನ್ನು ನನ್ನ ಅಮ್ಮನ ಮನೆಗೆ ಕಳಿಸಿದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಹಳದಿ, ಕೆಂಪು, ಹಸಿರಿನಂಥ ಗಾಢ ಬಣ್ಣಗಳಲ್ಲಂತೂ ಜಾಸ್ತಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದು ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದಿದ್ದು 2017ರ ನವೆಂಬರ್ 1ರಿಂದ. ನಮ್ಮ ಬಾಗಿಲಿನ ಕೆಳಗಿನ ಪದರಗಳೆಲ್ಲಾ ಅದಕ್ಕಿಂತ ತುಂಬಾ ಹಳೆಯವು. ಒಣಗಿದ ಬಣ್ಣವನ್ನು ಹಾಗೇ ಉಜ್ಜಿದರೆ ಸೀಸ ಧೂಳಾಗಿ ಹಾರುತ್ತದೆ. ಆ ಧೂಳು ನೆಲಕ್ಕೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ನಿಮ್ಮ ಮನೆಯಲ್ಲೂ ಹಳೇ ಬಾಗಿಲಿದ್ದು, ಪುಟ್ಟ ಮಕ್ಕಳೋ ಬಸುರಿಯರೋ ಇದ್ದರೆ ದಯವಿಟ್ಟು ಇಷ್ಟು ಮಾಡಿ: ಕೆರೆಯುವ ದಿನ ಅವರು ಮನೆಯಲ್ಲಿರಬಾರದು.

ಜಗುಲಿಯ ತುಂಬಾ ದಪ್ಪ ಪ್ಲಾಸ್ಟಿಕ್ ಹಾಸಿದೆವು. ಒಳಬಾಗಿಲಿಗೆ ಒದ್ದೆ ಸೀರೆ ಕಟ್ಟಿದೆವು. ಬಟ್ಟೆಯ ಮಾಸ್ಕ್ ಸಾಲದು, ಎನ್95 ಹಾಕಿಕೊಂಡೆವು. ನೀರು ಚಿಮುಕಿಸಿ ಚಿಮುಕಿಸಿ ಒದ್ದೆ ಮಾಡಿಕೊಂಡೇ ಉಜ್ಜಿದೆವು. ಸಂಜೆ ಪೊರಕೆ ಮುಟ್ಟಲಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸಿದೆವು. ಕೆಲವರು ಬೆಂಕಿಯಲ್ಲಿ ಸುಟ್ಟು ಬಣ್ಣ ಎಬ್ಬಿಸುತ್ತಾರೆ. ಅದು ಬೇಡವೇ ಬೇಡ, ಸೀಸ ಹೊಗೆಯಾಗಿ ನೇರ ಎದೆಗೆ ಹೋಗುತ್ತದೆ.

ಮೇಲಿನ ಹೊಸ ಬಣ್ಣ ಸುಲಭವಾಗಿ ಬಂತು. ಕೆಳಗಿನದು ಬರಲಿಲ್ಲ. ಬಿರುಕು ಬಿಟ್ಟ ಕಡೆ ಪೇಂಟ್ ರಿಮೂವರ್ ಹಚ್ಚಿ, ಅದು ಗುಳ್ಳೆ ಎದ್ದ ಮೇಲೆ ಸ್ಕ್ರೇಪರ್‌ನಲ್ಲಿ ತೆಗೆದೆವು. ಗಟ್ಟಿಯಾಗಿದ್ದ ಕಡೆ ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆವು. ಬಡಗಿಗಳು ಉಪ್ಪುಕಾಗದ ಅನ್ನುತ್ತಾರಲ್ಲ, ಆ ಸ್ಯಾಂಡ್ ಪೇಪರಿನಲ್ಲಿ ಮೊದಲು 80 ನಂಬರ್, ಆಮೇಲೆ 120, ಕೊನೆಗೆ 220. ನೀರು ತಡೆಯುವ ಕಪ್ಪು ಕಾಗದವನ್ನೇ ಕೇಳಿ ತಂದಿದ್ದೆ.

ಎಡಗದದ ಕೆಳಭಾಗದಲ್ಲಿ ಬರೀ ಮರ ಕಾಣಿಸಿತು. ಆ ಜಾಗಕ್ಕೆ ನೀರು ತಾಗಿದ್ದೇ ತಡ, ಕೆಳಗಿಟ್ಟ ಬಟ್ಟಲಿಗೆ ಇಳಿದ ನೀರು ಹಳದಿಯಾಯಿತು. ನನ್ನ ಬೆರಳುಗಳೂ ಅರಿಶಿನ ಕಲಸಿದ ಹಾಗಾದವು. ಬಡಗಿ ತಾತನನ್ನು ಕರೆದು ತೋರಿಸಿದೆ. ಅವರು ನೋಡಲೂ ಇಲ್ಲ, ಒದ್ದೆ ಮರದ ವಾಸನೆ ಹಿಡಿದು "ಹೊನ್ನೆ" ಅಂದರು. ಸಕ್ಕರೆ ಕಾಯಿಲೆಯವರು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಾರೆ, ಆ ನೀರು ಬಣ್ಣ ತಿರುಗಿರುತ್ತದೆ ಅಲ್ವಾ, ಅದೇ ಮರ. ಇಷ್ಟು ವರ್ಷ ನಾವೆಲ್ಲಾ ತೇಗ ಅಂದುಕೊಂಡಿದ್ದೆವು.

ಹೊನ್ನೆಯ ಈ ಬಣ್ಣ ಬಿಡುವ ಗುಣ ಬಣ್ಣ ಹಚ್ಚುವವರಿಗೆ ತೊಂದರೆಯೇ. ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರಕ್ಕೆ ಪ್ರೈಮರ್ ಅನ್ನುತ್ತಾರೆ. ನೀರಿನ ಪ್ರೈಮರ್ ಹಚ್ಚಿದರೆ ಮರದ ಕಲೆ ಅದನ್ನು ದಾಟಿ ಮೇಲೆ ಬರುತ್ತದೆ. ಅದಕ್ಕೆ ಬರೀ ಮರ ಕಂಡ ಕಡೆಯೆಲ್ಲಾ ಮೊದಲು ಒಂದು ಕೈ ಅರಗಿನ ಪಾಲಿಶ್ ಕೊಡಬೇಕು, ಆಮೇಲೆ ಎಣ್ಣೆ ಆಧಾರದ ವುಡ್ ಪ್ರೈಮರ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದಾಗ ಜೇನಿನ ಬಣ್ಣದ ತೆಳು ಪೊರೆ ಕೂರುತ್ತದೆ, ಹತ್ತೇ ನಿಮಿಷದಲ್ಲಿ ಒಣಗುತ್ತದೆ. ಅರಗಿಗೂ ನಮ್ಮ ಊರಿಗೂ ಹಳೆಯ ನಂಟು. ಕಾಡಿನ ಅರಗನ್ನು ಬಳಸಿಕೊಂಡು ಬಣ್ಣ ತಯಾರಿಸಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಇಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರು ಮಾಡಿದರು. ಅದೇ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದೂ ಅಲ್ಲೇ. ಹಳದಿ ಬೆರಳಿನಲ್ಲಿ ಅರಗು ಹಚ್ಚುತ್ತಾ ಕೂತಾಗ ಇದು ನೆನಪಾಗಿ ಖುಷಿಯಾಯಿತು.

ಮೂರನೇ ಭಾನುವಾರ ಬಲಗದದ ಮೇಲಿನ ಹಲಗೆಗೆ ಬಂದೆವು. ಉಜ್ಜುತ್ತಿದ್ದವರು ನನ್ನ ಗಂಡ. ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ನಡುವೆ ಒಂದು ಕೆಂಪು ಗೆರೆ ಕಾಣಿಸಿತು. ಕೆಳಗಿನ ಪದರವಿರಬೇಕು ಅಂದುಕೊಂಡೆವು. ಆದರೆ ಅದು ಹರಡಲಿಲ್ಲ, ಬಾಗಿತು. ಬಾಗಿ ಸುತ್ತಿಕೊಂಡಿತು. ಕೈ ಆಡಿಸಿದರೆ ಆ ಜಾಗ ಸುತ್ತಲಿಗಿಂತ ಒಂದು ಚೂರು ಉಬ್ಬಿದೆ. ಉಬ್ಬಿದ್ದ ಕಡೆ ಮೇಲಿನ ಬಣ್ಣ ಮೊದಲು ಸವೆಯುತ್ತಿತ್ತು. ಅವರು ಇನ್ನೂ ಮೆಲ್ಲಗೆ ಉಜ್ಜಿದರು. ಮೊದಲು ಕಂಡಿದ್ದು 'ಬಾ'. ಅದರ ಎಡಕ್ಕೆ 'ಳೆ'. ಅಷ್ಟರಲ್ಲಿ ಅವರ ಕೈ ನಿಂತಿತ್ತು.

"ನಾಳೆ ಬಾ."

ತೊಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವರಿಗೆ ಹೇಳುತ್ತೇನೆ. ರಾತ್ರಿ ಒಂದು ದೆವ್ವ ಬರುತ್ತದೆ, ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ ಹಬ್ಬಿತ್ತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರೆ ಅದು ಓದಿಕೊಂಡು ವಾಪಸ್ ಹೋಗುತ್ತದೆ, ಮಾರನೇ ದಿನ ಬಂದರೆ ಮತ್ತೆ ಅದೇ ಮಾತು. ಎಷ್ಟೋ ಊರುಗಳಲ್ಲಿ, ಬೆಂಗಳೂರಿನ ಬೀದಿಗಳಲ್ಲೂ, ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಹೀಗೆ ಬರೆದಿದ್ದರು.

ನಮ್ಮ ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದೆವ್ವ ಭೂತ ಅಂದರೆ ಅವರಿಗೆ ಆಗುತ್ತಿರಲಿಲ್ಲ. ಬರೆದಿದ್ದು ಅವರೇ ಅಂತ ಅತ್ತೆ ಹೇಳಿದರು. ಆಗ ನನ್ನ ಗಂಡನಿಗೆ ಏಳೋ ಎಂಟೋ ವರ್ಷ. ನಾಲ್ಕು ರಾತ್ರಿ ಮಗು ಕಣ್ಣು ಮುಚ್ಚಿರಲಿಲ್ಲವಂತೆ. ಹಂಗೆಲ್ಲಾ ಏನೂ ಇಲ್ಲ ಅಂತ ಮಾವ ಎಷ್ಟೋ ಬಿಡಿಸಿ ಹೇಳಿದರಂತೆ. ಐದನೇ ದಿನ ಗೇಟಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ ತೆಗೆದು, ಡಬ್ಬವನ್ನು ಮಗನ ಕೈಲೇ ಹಿಡಿಸಿ, ಮೂರಿಂಚು ಎತ್ತರದ ಅಕ್ಷರದಲ್ಲಿ ದಪ್ಪಗೆ ಬರೆದರು. ಅವತ್ತು ರಾತ್ರಿ ಮಗು ನಿದ್ದೆ ಮಾಡಿತು. ಕೆಲವು ವರ್ಷದ ಮೇಲೆ ನಾದಿನಿಯ ಮದುವೆಗೆ ಬಾಗಿಲಿಗೆ ಕಂದು ಬಣ್ಣ ಹಚ್ಚಿಸಿದಾಗ ಅಕ್ಷರಗಳು ಮುಚ್ಚಿಹೋದವು.

ಮಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ನನ್ನ ಗಂಡ ಮಾಸ್ಕ್ ತೆಗೆದು ಜಗುಲಿಯ ಅಂಚಿಗೆ ಹೋಗಿ ಕೂತರು. ಅವತ್ತು ಮತ್ತೆ ಕೆಲಸ ಮಾಡಲಿಲ್ಲ.

ಆ ಹಲಗೆಯನ್ನು ಏನು ಮಾಡುವುದು ಅಂತ ವಾರವೆಲ್ಲಾ ಮಾತಾಡಿದೆವು. ಹಲಗೆಯ ಮೇಲೆ ಪುಟ್ಟಿ ಎಳೆದು ಸಮ ಮಾಡಿದರೆ ಕನ್ನಡಿಯಂತಾಗುತ್ತದೆ ಅಂದರು ಬಡಗಿ ತಾತ. ಹಾಗೇ ಗಾಜು ಹಾಕಿಸಿ ಉಳಿಸಿಕೊಳ್ಳೋಣ ಅಂದಳು ನಾದಿನಿ. ಕೊನೆಗೆ ನಾವು ಮಾಡಿದ್ದು ಇಷ್ಟು. ಆ ಹಲಗೆಯ ಹಳೇ ಬಣ್ಣ ಮರವನ್ನು ಗಟ್ಟಿಯಾಗಿ ಹಿಡಿದಿದೆಯಾ ಅಂತ ಪರೀಕ್ಷೆ ಮಾಡಿದೆವು. ಬ್ಲೇಡಿನಲ್ಲಿ ಅಡ್ಡ ನಾಲ್ಕು, ಉದ್ದ ನಾಲ್ಕು ಗೀರು ಎಳೆದು, ಮೇಲೆ ಟೇಪ್ ಒತ್ತಿ ಅಂಟಿಸಿ, ಫಟ್ ಅಂತ ಎಳೆಯುವುದು. ಸಂಕ್ರಾಂತಿಯಲ್ಲಿ ಬಣ್ಣ ಕಿತ್ತ ಅದೇ ಟೇಪ್. ಒಂದು ಚೂರೂ ಬರಲಿಲ್ಲ. ಹಾಗಿದ್ದರೆ ಕೆರೆಯಬೇಕಾದ ಅಗತ್ಯವಿಲ್ಲ. ಗಟ್ಟಿ ಇರುವ ಹಳೇ ಬಣ್ಣವನ್ನು ಹೊಳಪು ತೆಗೆದು ಮುಚ್ಚಿಬಿಡುವುದು ಸೀಸದ ದೃಷ್ಟಿಯಿಂದಲೂ ಒಳ್ಳೆಯದೇ. ಪುಟ್ಟಿ ಹಾಕಲಿಲ್ಲ. ಅಕ್ಷರಗಳನ್ನು ಅವು ಇದ್ದ ಹಾಗೇ ಬಿಟ್ಟು ಪ್ರೈಮರ್ ಹಚ್ಚಿದೆವು.

ನಾಲ್ಕನೇ ಭಾನುವಾರ ಬಡಗಿ ತಾತ ಕದಗಳನ್ನು ಒಂದೊಂದಾಗಿ ಕೀಲಿನಿಂದ ಬಿಡಿಸಿ ಎರಡು ಸ್ಟೂಲಿನ ಮೇಲೆ ಮಲಗಿಸಿಕೊಟ್ಟರು. ಕದದ ಕೆಳಗಿನ ಅಂಚು ನೋಡಿ ಬೇಜಾರಾಯಿತು. ಅಲ್ಲಿಗೆ ಯಾರೂ ಯಾವತ್ತೂ ಬಣ್ಣ ಮುಟ್ಟಿಸಿಯೇ ಇರಲಿಲ್ಲ. ಮರ ಕಪ್ಪಾಗಿ ನಾರುನಾರಾಗಿತ್ತು. ನೀರು ಮರದೊಳಗೆ ಹೆಚ್ಚಾಗಿ ಹೋಗುವುದು ಹಲಗೆಯ ಮುಖದಿಂದಲ್ಲ, ಇಂಥ ಕಡಿದ ತುದಿಗಳಿಂದ. ಮಳೆಗಾಲದಲ್ಲಿ ನಮ್ಮ ಬಾಗಿಲು ಬಿಗಿಯಾಗಿ ಒದ್ದು ತೆಗೆಯಬೇಕಾಗುತ್ತಿತ್ತು, ಕಾರಣ ಇದೇ. ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಎರಡೆರಡು ಕೈ ಪ್ರೈಮರ್ ಕುಡಿಸಿದೆವು. ನೀವು ಪೇಂಟರ್ ಹತ್ತಿರ ಮಾಡಿಸಿದರೂ ಇದೊಂದನ್ನು ನಿಂತು ಮಾಡಿಸಿ.

ಚಿಲಕ, ಅಗುಳಿ, ಬಳೆಗಳನ್ನೆಲ್ಲಾ ಬಿಚ್ಚಿದ್ದೆವು. ಅವುಗಳ ಮೇಲೂ ಬಣ್ಣದ ಪದರ. ಹಳೇ ಪಾತ್ರೆಯಲ್ಲಿ ಸೋಪಿನ ಪುಡಿ ಹಾಕಿ ಬಿಸಿನೀರಲ್ಲಿ ಒಂದು ರಾತ್ರಿ ನೆನೆಸಿದರೆ ಬಣ್ಣ ತೊಗಟೆಯ ಹಾಗೆ ಬಿಟ್ಟುಕೊಂಡಿತು. ಆ ಪಾತ್ರೆಯನ್ನು ಆಮೇಲೆ ಅಡುಗೆಮನೆಗೆ ಸೇರಿಸಲಿಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ ಮೇಲೆ ಗೊತ್ತಾಯಿತು, ಎಲ್ಲಾ ಹಿತ್ತಾಳೆ.

ಇನ್ನು ಹೊಸ್ತಿಲು. ಇದರಲ್ಲಿ ನನಗೂ ಅತ್ತೆಗೂ ಸ್ವಲ್ಪ ಜಟಾಪಟಿ ಆಯಿತು. ಹೊಸ್ತಿಲಿಗೆ ಹಳದಿ ಎನಾಮಲ್ ಹಚ್ಚಿ ಕೆಂಪು ಬೊಟ್ಟಿಟ್ಟರೆ ಬೀದಿಗೆ ಎದ್ದು ಕಾಣುತ್ತದೆ ಅಂತ ನನ್ನ ಆಸೆ. ಈಗ ಎಲ್ಲರ ಮನೆಯಲ್ಲೂ ಹಾಗೇ ತಾನೇ. ಅತ್ತೆ ಒಪ್ಪಲಿಲ್ಲ. "ಬಣ್ಣದ ಮೇಲೆ ಅರಿಶಿನ ಕೂರಲ್ಲ. ನೀರು ಬಿದ್ರೆ ಜಾರುತ್ತೆ. ನಾನು ದಿನಾ ಬೆಳಿಗ್ಗೆ ಯಾರಿಗೆ ಹಚ್ಚಲಿ, ಪೇಂಟಿಗಾ?" ಅಂದರು. ನೋಡಿದರೆ ಅವರ ಮಾತೇ ಸರಿ. ದಿನಾ ತೊಳೆಯುವ ಜಾಗದಲ್ಲಿ ಎನಾಮಲ್ ಎಲ್ಲೋ ಒಂದು ಕಡೆ ಸೀಳುತ್ತದೆ, ಒಳಗಿಳಿದ ನೀರು ಆರಲು ದಾರಿಯಿಲ್ಲದೆ ಅಲ್ಲೇ ಕೂರುತ್ತದೆ. ನಮ್ಮ ಹೊಸ್ತಿಲಿನ ಬಲತುದಿಯಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಅರ್ಧ ಬೆರಳು ಒಳಗೆ ಹೋಯಿತು. ತಾತ ಆ ಭಾಗ ಕತ್ತರಿಸಿ ಗಟ್ಟಿ ಮರದ ತುಂಡು ಕೂರಿಸಿದರು. ಬಣ್ಣದ ಬದಲು ಅಗಸೆ ಎಣ್ಣೆ ಕುಡಿಸಿದೆವು. ಮೊದಲ ಕೈಗೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಆಮೇಲೆ ಎರಡು ಕೈ ಬರೀ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯಾಗಿದ್ದರೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಬೇಕು.

ಬಣ್ಣದ ಆಯ್ಕೆಗೆ ನಾನು ಶೇಡ್ ಕಾರ್ಡ್ ನಂಬಲಿಲ್ಲ. ಬೆರಳಗಲದ ಚೌಕದಲ್ಲಿ ಚೆನ್ನಾಗಿ ಕಂಡಿದ್ದು ಇಡೀ ಬಾಗಿಲಿಗೆ ಬಂದಾಗ ಬೇರೆಯೇ ಆಗುತ್ತದೆ. ಮೂರು ಪ್ಲೈವುಡ್ ತುಂಡಿಗೆ ಇಟ್ಟಿಗೆ ಕೆಂಪು, ನವಿಲು ನೀಲಿ, ಕಡು ಹಸಿರು ಹಚ್ಚಿ ಬಾಗಿಲಿಗೆ ಒರಗಿಸಿದೆ. ಎದುರು ಮನೆಯ ಗೇಟಿನ ಹತ್ತಿರ ನಿಂತು ಬೆಳಿಗ್ಗೆ, ಮಧ್ಯಾಹ್ನ, ಬೀದಿ ದೀಪ ಹತ್ತಿದ ಮೇಲೆ ನೋಡಿದೆ. ಕೆಂಪು ಜಗುಲಿಯ ಕೆಂಪಿನಲ್ಲಿ ಕರಗಿಹೋಯಿತು. ಮೇಲಾಗಿ ಪೂರ್ವದ ಬಿಸಿಲು ಬೀಳುವ ಕಡೆ ಕೆಂಪು ಬೇಗ ಮಾಸುತ್ತದೆ. ನೀಲಿ ಹಗಲು ಚೆಂದ, ರಾತ್ರಿ ಕಪ್ಪು. ಹಸಿರಿನ ಪಕ್ಕದಲ್ಲಿ ತಿಳಿಹಳದಿ ಗೋಡೆ ಬೆಳಗಿದ ಹಾಗಾಯಿತು, ಹಿತ್ತಾಳೆಯೂ ಎದ್ದು ಕಂಡಿತು. ಅತ್ತೆ ಒಂದು ಚೆಂಡುಹೂವು ತಂದು ಮೂರೂ ತುಂಡಿನ ಮೇಲೆ ಹಿಡಿದು ನೋಡಿ, "ಹಸಿರೇ" ಅಂದರು. ವರ್ಷವೆಲ್ಲಾ ಆ ಬಾಗಿಲಿಗೆ ಹೂವು ಕಟ್ಟುವವರು ಅವರು. ಅಲ್ಲಿಗೆ ಮುಗಿಯಿತು.

ಹಚ್ಚುವ ಕೆಲಸ ನಿಜಕ್ಕೂ ಸುಲಭ. ಎಣ್ಣೆ ಎನಾಮಲ್, ಅರ್ಧ ಲೀಟರ್. ಹೊರಮುಖ ಮತ್ತು ಬಾಗಿಲುವಾಡಕ್ಕೆ ಎರಡು ಕೈ ಹಚ್ಚಿದರೂ ಸ್ವಲ್ಪ ಉಳಿಯಿತು. ಮೊದಲು ಕೆತ್ತನೆಯ ಅಂಚುಗಳಿಗೆ ಒಂದಿಂಚಿನ ಬ್ರಷ್, ಆಮೇಲೆ ಹಲಗೆಗಳು, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಕೊನೆಯ ಎಳೆ ಯಾವಾಗಲೂ ಮರದ ಎಳೆಯ ದಿಕ್ಕಿಗೇ. ತೆಳ್ಳಗೆ ಹಚ್ಚಬೇಕು. ದಪ್ಪ ಹಚ್ಚಿದರೆ ಸುಕ್ಕು ಬರುತ್ತದೆ, ಇಳಿಯುತ್ತದೆ. ಎರಡು ಕೈಗಳ ಮಧ್ಯೆ ಒಂದು ವಾರ ಬಿಟ್ಟೆವು, 320 ನಂಬರಿನಲ್ಲಿ ಹಗುರವಾಗಿ ಉಜ್ಜಿದೆವು. ಅಂಟಿಕೊಂಡಿದ್ದ ಎರಡು ಸೊಳ್ಳೆಗಳೂ ಅದರಲ್ಲೇ ಹೋದವು.

ಕಷ್ಟ ಅಂದರೆ ರಾತ್ರಿ. ಬೆಳಿಗ್ಗೆ ಏಳೂವರೆಗೆ ಹಚ್ಚಿ ಮುಗಿಸಿದರೂ ತಲೆಬಾಗಿಲನ್ನು ರಾತ್ರಿ ಮುಚ್ಚಲೇಬೇಕಲ್ಲ. ಮುಚ್ಚಿದರೆ ಕದ ಬಾಗಿಲುವಾಡಕ್ಕೆ ಅಂಟುತ್ತದೆ. ತಾಗುವ ಅಂಚಿಗೆಲ್ಲಾ ಮೇಣದಬತ್ತಿ ಉಜ್ಜಿ, ನಡುವೆ ಬಟರ್ ಪೇಪರ್ ಇಟ್ಟು, ಕದ ಒರಗಿಸಿ, ನನ್ನ ಗಂಡ ಹಾಲಿನಲ್ಲೇ ಚಾಪೆ ಹಾಕಿ ಮಲಗಿದರು. ಎರಡು ಭಾನುವಾರವೂ ಹಾಗೇ.

ಒಟ್ಟು ಖರ್ಚು 1,800 ರೂಪಾಯಿ ಚಿಲ್ಲರೆ, ಬಡಗಿ ತಾತನಿಗೆ ಕೊಟ್ಟಿದ್ದು ಬಿಟ್ಟು. ಯುಗಾದಿಗೆ ತೋರಣ ಕಟ್ಟಲು ಬಾಗಿಲುವಾಡದ ಮೇಲೆ ಎರಡು ಹಿತ್ತಾಳೆ ಕೊಕ್ಕೆ ಹಾಕಿಸಿದ್ದೇನೆ. ಟೇಪಿನ ಕೆಲಸವೇ ಇಲ್ಲ.

ಹಬ್ಬದ ಬೆಳಿಗ್ಗೆ ಬೇವಿನ ಕಡ್ಡಿ ಸಿಕ್ಕಿಸಲು ಹೊರಗೆ ಬಂದೆ. ಏಳು ಗಂಟೆಯ ಹೊತ್ತಿಗೆ ಬಿಸಿಲು ಎದುರು ಮನೆಗಳ ಸಂದಿಯಿಂದ ಓರೆಯಾಗಿ ನಮ್ಮ ಬಾಗಿಲಿಗೆ ಬೀಳುತ್ತದೆ. ಆ ಓರೆ ಬೆಳಕಿನಲ್ಲಿ ಬಲಗದದ ಹಸಿರಿನ ಕೆಳಗೆ ಅಕ್ಷರಗಳು ಉಬ್ಬಿ ನಿಂತಿದ್ದವು. 'ನಾ'ದ ಇಳಿಯ ನೆರಳು ಕೂಡ ಕಾಣುತ್ತಿತ್ತು. ಮಗ ಒಂದನೇ ಕ್ಲಾಸು, ಈಗಷ್ಟೇ ಕಾಗುಣಿತ ಕಲಿತಿದ್ದಾನೆ. ಸ್ಟೂಲ್ ಎಳೆದುಕೊಂಡು ಹತ್ತಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. "ಯಾರಿಗೆ ಬರೆದಿರೋದು?" ಅಂತ ಅಪ್ಪನನ್ನು ಕೇಳಿದ. ನನ್ನ ಗಂಡ ಅವನನ್ನು ಎತ್ತಿಕೊಂಡು ಜಗುಲಿಯ ಮೇಲೆ ಕೂತು ತಾತನ ಕಥೆ ಶುರು ಮಾಡಿದರು. ಬಿಸಿಲು ಮೇಲೇರಿ ಅಕ್ಷರ ಮಾಯವಾಗುವ ಹೊತ್ತಿಗೂ ಅವರು ಗೇಟಿನ ಕೆಂಪು ಬಣ್ಣದ ಡಬ್ಬದವರೆಗೆ ಬಂದಿರಲಿಲ್ಲ.